ಸಂಗೀತದ ಮಾತಿಗೆ ಜಪಾನಿ ಪದಗಳು: ಒಂದು ಫ್ಲ್ಯಾಶ್‌ಕಾರ್ಡ್ ಪೆಟ್ಟಿಗೆಯ ವಿಮರ್ಶೆ

ಸಂಗೀತದ ಬಗ್ಗೆ ಜಪಾನಿ ಭಾಷೆಯಲ್ಲಿ ಮಾತನಾಡಲು ಬೇಕಾಗುವ ಪದಗಳನ್ನಷ್ಟೇ ಆರಿಸಿ ಮಾಡಿದ ಒಂದು ಫ್ಲ್ಯಾಶ್‌ಕಾರ್ಡ್ ಪೆಟ್ಟಿಗೆಯನ್ನು ಕಳೆದ ಮುಂಗಾರಿಗೆ ಸ್ವಲ್ಪ ಮುಂಚೆ ಅಂಚೆಯಲ್ಲಿ ತರಿಸಿಕೊಂಡೆ. ಅಂದಿನಿಂದ ಅದನ್ನು ಮಡಿಕೇರಿಯ ನನ್ನ ಸಂಗೀತ ತರಗತಿಯಲ್ಲಿಯೂ ಮನೆಯಲ್ಲಿಯೂ ಬಳಸುತ್ತ ಬಂದಿದ್ದೇನೆ. ತಯಾರಕರದು ಚಿಕ್ಕ ಸಂಸ್ಥೆ; ಮುಂದೆ ಕೆಲವು ದೂರುಗಳೂ ಬರುವುದರಿಂದ ಅವರ ಹೆಸರನ್ನು ಬರೆಯುವುದಿಲ್ಲ. ಬೆಲೆ ಸಾವಿರ ರೂಪಾಯಿಯ ಒಳಗಿದೆ. ಕೊಡಗಿನಲ್ಲಿ ಜಪಾನಿ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ನನ್ನಲ್ಲಿಗೆ ಕೀಬೋರ್ಡ್ ಮತ್ತು ಕೊಳಲು ಕಲಿಯಲು ಬರುವ ಪಿಯುಸಿ ಮಕ್ಕಳಲ್ಲಿ ಹಲವರು ಕೇಳುವುದೇ ಜಪಾನಿನ ಆ್ಯನಿಮೆ ಹಾಡುಗಳನ್ನು; ಹಾಡಿನ ಸ್ವರಗಳನ್ನು ಹಿಡಿದ ಮೇಲೆ ಅವರಿಗೆ ಆ ಹಾಡಿನ ಬಗ್ಗೆ ಎರಡು ಮಾತು ಆಡಬೇಕೆಂಬ ಆಸೆ ಹುಟ್ಟುತ್ತದೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಪೆಟ್ಟಿಗೆಯನ್ನು ಪರಿಶೀಲಿಸಿದ್ದೇನೆ.

ಪರೀಕ್ಷೆಯ ತಯಾರಿಗಾಗಿ ಕೊಳ್ಳಬೇಕೆಂದಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಬೆಂಗಳೂರಿಗೆ ಹೋಗಿ ನಮ್ಮವರು ಬರೆಯುವ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತಗಳಿದ್ದರೂ ಯಾವ ಹಂತದಲ್ಲಿಯೂ ಮಾತನಾಡುವ ಪರೀಕ್ಷೆ ಇಲ್ಲ. ಓದು, ವ್ಯಾಕರಣ, ಪದ, ಆಲಿಸುವಿಕೆ ಇಷ್ಟೇ. ಈ ಪೆಟ್ಟಿಗೆಯಾದರೋ ಪೂರ್ತಿಯಾಗಿ ಮಾತಿಗಾಗಿಯೇ ಮಾಡಿದ್ದು. ಇದನ್ನು ಅರೆದು ಕುಡಿದರೂ ಪರೀಕ್ಷೆಯಲ್ಲಿ ಬರುವ ಅಂಕ ಅಷ್ಟಕ್ಕಷ್ಟೇ.

ಪೆಟ್ಟಿಗೆಯೊಳಗೆ ಐದು ಖಾನೆಗಳಿವೆ. ಜರ್ಮನ್ ಭಾಷೆಯ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪ್ರಚಾರಕ್ಕೆ ತಂದ ಕ್ರಮ ಇದು: ಸರಿಯಾಗಿ ಹೇಳಿದ ಕಾರ್ಡ್ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮೊದಲ ಖಾನೆಗೆ ಹಿಂತಿರುಗುತ್ತದೆ, ಹಿಂದಿನ ಖಾನೆಗಳನ್ನು ಮುಂದಿನವುಗಳಿಗಿಂತ ಹೆಚ್ಚು ಸಲ ತೆಗೆದು ನೋಡಬೇಕು. ಕಾರ್ಡಿನ ಮುಂಬದಿಯಲ್ಲಿ ಜಪಾನಿ ಲಿಪಿಯ ಪದ, ಅದರ ಮೇಲೆ ಉಚ್ಚಾರ ತೋರಿಸುವ ಹಿರಗನ ಲಿಪಿಯ ಚಿಕ್ಕ ಅಕ್ಷರಗಳಲ್ಲಿ ಓದು. ಹಿಂಬದಿಯಲ್ಲಿ ಇಂಗ್ಲಿಷ್ ಅರ್ಥ, ಒಂದು ಉದಾಹರಣೆ ವಾಕ್ಯ, ಮೂಲೆಯಲ್ಲಿ ಉಚ್ಚಾರ ಕೇಳಲು ಕ್ಯೂಆರ್ ಕೋಡ್. ಮುದ್ರಣ ಅಚ್ಚುಕಟ್ಟಾಗಿದೆ. ಅಕ್ಷರಗಳು ದೊಡ್ಡದಾಗಿರುವುದರಿಂದ ಕರೆಂಟ್ ಹೋದ ಸಂಜೆ ಮೇಣದ ಬತ್ತಿಯ ಬೆಳಕಿನಲ್ಲಿಯೂ ಓದಬಹುದು.

ಈ ಪೆಟ್ಟಿಗೆಯ ನಿಜವಾದ ಗುಣ ಕಾಣುವುದು ಕ್ರಿಯಾಪದಗಳ ಭಾಗದಲ್ಲಿ. ಸಂಗೀತದ ಪದಕೋಶ ಎಂದ ಕೂಡಲೇ ವಾದ್ಯಗಳ ಹೆಸರುಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವ ಪುಸ್ತಕಗಳೇ ಹೆಚ್ಚು. ಇಲ್ಲಿ ಮೊದಲ ಗುಂಪೇ ವಾದ್ಯವನ್ನು ಏನು ಮಾಡುತ್ತೇವೆ ಎಂಬುದರದ್ದು. ಜಪಾನಿಯಲ್ಲಿ ತಂತಿವಾದ್ಯಕ್ಕೂ ಕೀಲಿಮಣೆಗೂ ಹಿಕು, ಗಾಳಿವಾದ್ಯಕ್ಕೆ ಫುಕು, ಬಡಿಯುವ ವಾದ್ಯಕ್ಕೆ ತತಕು, ಗಂಟೆಯಂಥದ್ದಕ್ಕೆ ನರಸು. ಹದಿಮೂರು ತಂತಿಗಳ ಕೊತೊ, ಮೂರು ತಂತಿಗಳ ಶಮಿಸೆನ್, ಗಿಟಾರ್, ಪಿಯಾನೊ ಎಲ್ಲವೂ ಹಿಕು. ಬಿದಿರಿನ ಶಕುಹಚಿಯಿಂದ ಮೌತ್ ಆರ್ಗನ್‌ವರೆಗೆ ಎಲ್ಲವೂ ಫುಕು. ತೈಕೊ ಚರ್ಮವಾದ್ಯವಾದ್ದರಿಂದ ತತಕು. ಇಂಗ್ಲಿಷಿನಲ್ಲಿ ಇಷ್ಟಕ್ಕೂ ‘ಪ್ಲೇ’ ಎಂಬ ಒಂದೇ ಪದ ಸಾಕಾಗುವುದರಿಂದ, ಇಂಗ್ಲಿಷ್ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡ ಈ ಕಾರ್ಡುಗಳ ಹಿಂಬದಿಯಲ್ಲಿ ಪ್ರತಿ ಸಲವೂ ಉದ್ದನೆಯ ವಿವರಣೆ ಇದೆ. ವೀಣೆ ಮೀಟುವ, ಕೊಳಲು ಊದುವ, ಚಂಡೆ ಬಾರಿಸುವ ನಮಗೆ ಆ ವಿವರಣೆ ಬೇಡವೇ ಬೇಡ. ಹಿಂಬದಿಯಲ್ಲಿ ಕನ್ನಡದ ಒಂದೊಂದು ಕ್ರಿಯಾಪದ ಬರೆದಿದ್ದರೆ ಅರ್ಧ ಕಾರ್ಡ್ ಖಾಲಿ ಉಳಿಯುತ್ತಿತ್ತು.

ಇದು ಬರಿಯ ಊಹೆಯಲ್ಲ. ಈ ಗುಂಪನ್ನು ತರಗತಿಯಲ್ಲಿ ತೋರಿಸಿದ ದಿನ, ವಿರಾಜಪೇಟೆ ಕಡೆಯ ಒಬ್ಬ ಹುಡುಗಿ ಹಿಂಬದಿಯನ್ನು ತಿರುಗಿಸಿಯೂ ನೋಡದೆ, “ಮಿಸ್, ಹಾಗಾದ್ರೆ ದುಡಿಗೆ ತತಕು, ಕೊಂಬಿಗೆ ಫುಕು, ಅಲ್ವಾ?” ಎಂದಳು. ಪುತ್ತರಿಗೂ ಮದುವೆಗೂ ದುಡಿ ಬಾರಿಸುತ್ತ ಹಾಡುವುದನ್ನು ಚಿಕ್ಕಂದಿನಿಂದ ನೋಡಿದವಳಿಗೆ ಇದು ಹೊಸ ವ್ಯಾಕರಣವಾಗಿ ಕಾಣಲೇ ಇಲ್ಲ. ಅವಳ ಪಕ್ಕದಲ್ಲಿದ್ದವನು ತ್ಸುಜ಼ುಮಿಯ ಚಿತ್ರವಿದ್ದ ಕಾರ್ಡನ್ನು ಎತ್ತಿ, ಇದೂ ದುಡಿಯೇ ಅಲ್ಲವೇ ಎಂದು ಕೇಳಿದ. ನಡು ಸಣ್ಣಗಿರುವ ಆ ಜಪಾನಿ ವಾದ್ಯಕ್ಕೂ ನಮ್ಮ ದುಡಿಗೂ ಆಕಾರದಲ್ಲಿ ಹೋಲಿಕೆ ಇರುವುದು ನಿಜ. ಆದರೆ ಚಿಕ್ಕ ತ್ಸುಜ಼ುಮಿಯನ್ನು ಬಲ ಹೆಗಲ ಮೇಲೆ ಇಟ್ಟುಕೊಂಡು, ಎಡಗೈಯಿಂದ ಹಗ್ಗಗಳನ್ನು ಹಿಸುಕುತ್ತ ಸಡಿಲಿಸುತ್ತ ಬಲಗೈ ಬೆರಳುಗಳಿಂದ ಹೊಡೆಯುತ್ತಾರೆ. ಹಗ್ಗ ಬಿಗಿದಾಗ ನಾದ ಏರುತ್ತದೆ. ಅದಕ್ಕೆ ಉತ್ಸು ಎಂಬ ಕ್ರಿಯಾಪದವನ್ನು ಬಳಸುತ್ತಾರೆ ಎಂಬುದನ್ನೂ ಕಾರ್ಡ್ ಹೇಳುತ್ತದೆ. ಇಂಥ ಸೂಕ್ಷ್ಮಗಳನ್ನು ಬಿಡದೆ ಕೊಟ್ಟಿರುವುದಕ್ಕಾಗಿ ಸಂಪಾದಕರನ್ನು ಮೆಚ್ಚಲೇಬೇಕು.

ವಾಕ್ಯಗಳ ವಿಷಯದಲ್ಲಿಯೂ ಕನ್ನಡಿಗರಿಗೆ ಅನುಕೂಲ ಹೆಚ್ಚು. ‘ವತಶಿ ವ ಫುಎ ಓ ಫುಕಿಮಸು’ ಎಂಬುದು ‘ನಾನು ಕೊಳಲನ್ನು ಊದುತ್ತೇನೆ’ ಎಂಬುದರ ಕ್ರಮದಲ್ಲಿಯೇ ಇದೆ; ‘ಅನ್ನು’ ಇರುವ ಜಾಗದಲ್ಲಿ ‘ಓ’ ಇದೆ, ಕ್ರಿಯಾಪದ ಕೊನೆಗೆ ಬರುತ್ತದೆ. ‘ದೊನ್ನ ಒಂಗಕು ಗ ಸುಕಿ ದೆಸು ಕ’ ಎಂದರೆ ಎಂಥ ಸಂಗೀತ ಇಷ್ಟ ಎಂದು ಕೇಳಿದ ಹಾಗೆ. ನಾವು ‘ನನಗೆ ಹಾಡು ಇಷ್ಟ’ ಎನ್ನುವಾಗ ಹಾಡೇ ಕರ್ತೃವಾಗುವಂತೆ ಅಲ್ಲಿಯೂ ಇಷ್ಟವಾದ ವಸ್ತುವಿಗೆ ‘ಗ’ ಸೇರುತ್ತದೆ. ಅಕ್ಷರಗಳ ಮಟ್ಟದಲ್ಲಿಯೂ ಹೀಗೆಯೇ. ವಾದ್ಯ ಎಂಬರ್ಥದ ‘ಗಕ್ಕಿ’ಯ ಒತ್ತು, ವಾದನ ಎಂಬರ್ಥದ ‘ಎನ್ಸೋ’ದ ದೀರ್ಘ, ಸ್ವರಸಂಯೋಜನೆ ಎಂಬರ್ಥದ ‘ಸಕ್ಕ್ಯೊಕು’ವಿನ ಹ್ರಸ್ವ ಒಕಾರ, ಇವೆಲ್ಲವನ್ನೂ ಕನ್ನಡ ಲಿಪಿ ಯಾವ ಹೆಚ್ಚಿನ ಗುರುತೂ ಇಲ್ಲದೆ ಬರೆಯಬಲ್ಲದು. ಆದ್ದರಿಂದ ನನ್ನ ಪೆಟ್ಟಿಗೆಯ ಪ್ರತಿಯೊಂದು ಕಾರ್ಡಿನ ಹಿಂಬದಿಯಲ್ಲಿಯೂ ಪೆನ್ಸಿಲಿನಿಂದ ಕನ್ನಡದ ಓದನ್ನೂ ಅರ್ಥವನ್ನೂ ಬರೆದುಕೊಳ್ಳಲು ಮಕ್ಕಳಿಗೆ ಹೇಳಿದ್ದೇನೆ. ಒಂದು ಎಚ್ಚರಿಕೆ ಮಾತ್ರ ಬೇಕು: ‘ಸುಕಿ’, ‘ದೆಸು’ ಇವುಗಳಲ್ಲಿಯ ಉಕಾರ ಆಡುಮಾತಿನಲ್ಲಿ ಬಹುಮಟ್ಟಿಗೆ ಕರಗಿಹೋಗಿ ‘ಸ್ಕಿ’, ‘ದೆಸ್’ ಎಂದೇ ಕೇಳಿಸುತ್ತದೆ. ಇದನ್ನು ಬರಹ ತೋರಿಸುವುದಿಲ್ಲ, ಕಿವಿಯೇ ಹಿಡಿಯಬೇಕು.

ಕಿವಿಯ ಮಾತು ಬಂದದ್ದರಿಂದ ನನ್ನ ದೊಡ್ಡ ದೂರನ್ನು ಇಲ್ಲಿಯೇ ಹೇಳುತ್ತೇನೆ. ಜಪಾನಿ ಪದಗಳಲ್ಲಿ ದನಿಯ ಏರಿಳಿತಕ್ಕೆ ಅರ್ಥವನ್ನು ಬೇರ್ಪಡಿಸುವ ಶಕ್ತಿ ಇದೆ. ಟೋಕಿಯೊ ಉಚ್ಚಾರದಲ್ಲಿ ‘ಊದು’ ಎಂಬರ್ಥದ ಫುಕುವಿನಲ್ಲಿ ದನಿ ಇಳಿಯುತ್ತದೆ. ‘ಒರೆಸು’ ಎಂಬರ್ಥದ ಫುಕುವಿನಲ್ಲಿ ಇಳಿಯದೆ ಸಮನಾಗಿ ಮುಂದುವರಿಯುತ್ತದೆ. ‘ಫುಎ ಓ ಫುಕು’ ಎಂದವನು ಕೊಳಲನ್ನು ಊದುತ್ತಾನೋ ಬಟ್ಟೆ ತೆಗೆದುಕೊಂಡು ಒರೆಸುತ್ತಾನೋ ಎಂಬುದನ್ನು ಆ ಇಳಿತವೇ ಹೇಳಬೇಕು, ಏಕೆಂದರೆ ಕೊಳಲಿಗೆ ಎರಡೂ ಸಲ್ಲುವ ಕೆಲಸಗಳೇ. ಸಂಗೀತ ಕಲಿಯುವವರಿಗೆಂದೇ ಮಾಡಿದ ಪೆಟ್ಟಿಗೆಯಲ್ಲಿ ಈ ಏರಿಳಿತವನ್ನು ತೋರಿಸುವ ಒಂದು ಗೆರೆಯೂ ಇಲ್ಲ. ಮಂದ್ರ, ಮಧ್ಯ, ತಾರ ಎಂದು ದನಿಯನ್ನು ಅಳೆಯುವ ಅಭ್ಯಾಸವಿರುವ ಕಲಿಯುವವರು ಈ ಗೆರೆಗಳನ್ನು ಬೇರೆ ಯಾರಿಗಿಂತಲೂ ಬೇಗ ಓದುತ್ತಿದ್ದರು. ನಿಘಂಟುಗಳಲ್ಲಿ ಇದಕ್ಕೆ ಅಂಕಿ ಹಾಕುವ ಕ್ರಮ ಬಳಕೆಯಲ್ಲಿರುವಾಗ ಇವರು ಏಕೆ ಬಿಟ್ಟರೋ ತಿಳಿಯದು. ಕ್ಯೂಆರ್ ಕೋಡಿನ ಧ್ವನಿಯೂ ಒಬ್ಬರದೇ, ಪ್ರತಿ ಪದಕ್ಕೂ ಒಂದೇ ಸಲ, ಅದೂ ಅವಸರದಲ್ಲಿ.

ದನಿಯ ಗುಣವನ್ನು ಹೇಳುವ ಕಾರ್ಡುಗಳು ಮಾತ್ರ ಚೆನ್ನಾಗಿವೆ. ‘ಕೊಎ ಗ ತಕೈ’ ಎಂದರೆ ದನಿಯ ಶ್ರುತಿ ಮೇಲಿದೆ ಎಂದು, ‘ಕೊಎ ಗ ಓಕೀ’ ಎಂದರೆ ದೊಡ್ಡ ದನಿ ಎಂದು. ಇವೆರಡನ್ನೂ ಒಂದೇ ಕಾರ್ಡಿನಲ್ಲಿ ಎದುರುಬದುರಾಗಿ ಇಟ್ಟಿರುವುದು ಜಾಣತನ. ಶ್ರುತಿ ತಪ್ಪಿತು ಎನ್ನಲು ‘ಒಂತೇ ಗ ಹಜ಼ುರೆರು’ ಎಂಬುದೂ, ಸ್ವರಜ್ಞಾನವೇ ಇಲ್ಲದವನಿಗೆ ‘ಒಂಚಿ’ ಎಂಬುದೂ ಇವೆ. ತರಗತಿಯಲ್ಲಿ ಎರಡನೆಯದನ್ನು ಒಬ್ಬರಿಗೊಬ್ಬರು ಅಂದುಕೊಳ್ಳುವುದನ್ನು ನಿಲ್ಲಿಸಲು ನನಗೆ ಸಾಕುಸಾಕಾಯಿತು. ಕೇಳುವುದಕ್ಕೆ ‘ಕಿಕು’ ಒಂದೇ ಉಚ್ಚಾರವಾದರೂ, ಕಿವಿಗೆ ಬಿದ್ದದ್ದಕ್ಕೂ ಮನಸ್ಸಿಟ್ಟು ಆಲಿಸಿದ್ದಕ್ಕೂ ಬೇರೆಬೇರೆ ಕಾಂಜಿ, ಅಂದರೆ ಚೀನಿ ಮೂಲದ ಅಕ್ಷರ, ಬರೆಯುತ್ತಾರೆ. ಹಾಡಿಗೆ ಸಾಮಾನ್ಯವಾಗಿ ಎರಡನೆಯದು.

ಹಾಡಿನ ಅಂಗಗಳ ಗುಂಪು ಮಕ್ಕಳಿಗೆ ಅಚ್ಚುಮೆಚ್ಚಾಯಿತು. ಜಪಾನಿನ ಜನಪ್ರಿಯ ಹಾಡಿನಲ್ಲಿ ಇಂತೊರೊ (ಆರಂಭದ ವಾದನ), ಏಮೆರೊ, ಬೀಮೆರೊ (ಮೊದಲ, ಎರಡನೆಯ ಧಾಟಿಗಳು), ಆಮೇಲೆ ಸಬಿ (ಮತ್ತೆ ಮತ್ತೆ ಬರುವ ಮುಖ್ಯ ಭಾಗ), ನಡುವೆ ವಾದ್ಯಗಳ ಕನ್ಸೋ, ಹೀಗೆ ಭಾಗಗಳನ್ನು ಹೆಸರಿಸುತ್ತಾರೆ. ಸಬಿಯನ್ನು ಪಲ್ಲವಿ ಎಂದು ಹೇಳಿಕೊಟ್ಟರೆ ಕೆಲಸ ಮುಗಿಯಿತೆಂದು ಮೊದಲಿಗೆ ಅನ್ನಿಸುತ್ತದೆ. ಆದರೆ ನಮ್ಮ ಪಲ್ಲವಿ ಹಾಡಿನ ಬಾಗಿಲಲ್ಲೇ ನಿಂತಿರುತ್ತದೆ, ಸಬಿ ಸಾಮಾನ್ಯವಾಗಿ ಎರಡು ಮೆರೊಗಳು ಏರಿಕೊಂಡು ಹೋದ ಮೇಲೆ ಬರುತ್ತದೆ, ಅದನ್ನೇ ಮೊದಲಿಗೆ ಇಟ್ಟುಕೊಂಡ ಹಾಡುಗಳೂ ಇವೆ. ಆದ್ದರಿಂದ ಸಬಿಯನ್ನು ಸಬಿ ಎಂದೇ ಕಲಿಸುವುದು ಲೇಸು. ಸಾಹಿತ್ಯ ಬರೆದವರಿಗೆ ಸಕುಶಿ, ಸ್ವರ ಹಾಕಿದವರಿಗೆ ಸಕ್ಕ್ಯೊಕು, ವಾದ್ಯಗಳನ್ನು ಹೊಂದಿಸಿದವರಿಗೆ ಹೆಂಕ್ಯೊಕು ಎಂದು ಮೂರು ಶ್ರೇಯಸ್ಸುಗಳನ್ನು ಜಪಾನಿನವರು ಬೇರೆಬೇರೆಯಾಗಿ ಕೊಡುತ್ತಾರೆ. ಇವಿಷ್ಟು ತಿಳಿದರೆ ಹಾಡಿನ ವಿಡಿಯೊ ಕೆಳಗಿನ ಬರಹದ ಅರ್ಧ ಓದಬಹುದು. ಪುಸ್ತಕ ನೋಡದೆ ಕೇಳಿಯೇ ಹಾಡನ್ನು ಹಿಡಿಯುವುದಕ್ಕೆ ‘ಮಿಮಿಕೊಪಿ’ ಎಂಬ ಪದ ಇದೆ. ಕಿವಿ ಎಂಬರ್ಥದ ಮಿಮಿಗೆ ಇಂಗ್ಲಿಷಿನ ಕಾಪಿ ಸೇರಿದೆ. ನನ್ನಲ್ಲಿಗೆ ಬರುವವರೆಲ್ಲ ಮನೆಯಲ್ಲಿ ಮಾಡುವುದು ಇದನ್ನೇ.

ಸ್ವರಗಳ ಹೆಸರಿನ ಭಾಗಕ್ಕೆ ಬಂದಾಗ ನಮ್ಮವರಿಗೆ ನಿಜವಾದ ತೊಡಕು ಎದುರಾಗುತ್ತದೆ, ಪೆಟ್ಟಿಗೆ ಅದನ್ನು ಊಹಿಸಿಯೇ ಇಲ್ಲ. ಹಾಡುವಾಗ ಜಪಾನಿನವರೂ ದೊ, ರೆ, ಮಿ ಎನ್ನುತ್ತಾರೆ. ಆದರೆ ಶ್ರುತಿಯನ್ನು ಹೆಸರಿಸುವಾಗ ತಮ್ಮ ಹಳೆಯ ಅಕ್ಷರಮಾಲೆಯ ಮೊದಲ ಏಳು ಅಕ್ಷರಗಳಾದ ಇ, ರೊ, ಹ, ನಿ, ಹೊ, ಹೆ, ತೊಗಳನ್ನು ಪಾಶ್ಚಾತ್ಯರ ಎ, ಬಿ, ಸಿ, ಡಿ, ಇ, ಎಫ್, ಜಿಗಳಿಗೆ ಸರಿಯಾಗಿ ಬಳಸುತ್ತಾರೆ. ಹೀಗಾಗಿ ಸಿ ಮೇಜರ್ ಎಂಬುದು ‘ಹ ಚೋಚೋ’, ಎ ಮೈನರ್ ಎಂಬುದು ‘ಇ ತನ್ಚೋ’. ‘ಹ’ವನ್ನು ಷಡ್ಜವಾಗಿ ಇಟ್ಟುಕೊಂಡರೆ ಜಪಾನಿನ ‘ನಿ’ ಬಂದು ಕೂರುವುದು ನಮ್ಮ ರಿಷಭದ ಜಾಗದಲ್ಲಿ! ಸರಿಗಮಪದನಿಯಲ್ಲಿ ಬೆಳೆದ ಮಗುವಿಗೆ ‘ನಿ’ ಎಂದರೆ ಏಳನೆಯ ಸ್ವರ; ಎರಡನೆಯ ಸ್ವರಕ್ಕೆ ಆ ಹೆಸರನ್ನು ಒಪ್ಪಿಕೊಳ್ಳಲು ನಾಲಿಗೆ ಬಹಳ ಕಾಲ ಹಠ ಮಾಡುತ್ತದೆ. ಈ ಏಳು ಕಾರ್ಡುಗಳನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಇದೇ ಭಾಗದಲ್ಲಿರುವ ‘ಯೊನನುಕಿ’ ಎಂಬ ಒಂದು ಕಾರ್ಡ್ ಮಾತ್ರ ಇಡೀ ಪೆಟ್ಟಿಗೆಯ ಬೆಲೆಗೆ ಸಮ ಎನ್ನಬೇಕು. ಯೊ ಎಂದರೆ ನಾಲ್ಕು, ನ ಎಂದರೆ ಏಳು, ನುಕಿ ಎಂದರೆ ತೆಗೆದದ್ದು: ನಾಲ್ಕನೆಯ ಮತ್ತು ಏಳನೆಯ ಸ್ವರಗಳನ್ನು ಬಿಟ್ಟ ಶ್ರೇಣಿ. ಮೇಜರ್ ಶ್ರೇಣಿಯಿಂದ ಮಧ್ಯಮವನ್ನೂ ನಿಷಾದವನ್ನೂ ತೆಗೆದರೆ ಉಳಿಯುವುದು ಸ, ರಿ, ಗ, ಪ, ದ, ಅಂದರೆ ನಮ್ಮ ಮೋಹನ ರಾಗದ ಸ್ವರಗಳು. ಎಂಕ ಎಂಬ ಜಪಾನಿನ ಭಾವಪ್ರಧಾನ ಹಾಡುಗಳಲ್ಲಿ ಈ ಶ್ರೇಣಿ ಹೆಚ್ಚಾಗಿ ಬಳಕೆಯಾಗಿದೆ. ಮೋಹನದಲ್ಲಿ ಒಂದು ಗೀತೆ ಕಲಿತ ಮಗು ಎಂಕ ಕೇಳಿದಾಗ ಮೊದಲ ಬಾರಿಗೇ ಮೂಗಿನಲ್ಲಿ ಗುನುಗಲು ಶುರುಮಾಡುವುದು ಇದರಿಂದಲೇ. ಹಾಗೆ ಗುನುಗುವುದಕ್ಕೂ ಜಪಾನಿಯಲ್ಲಿ ಮೂಗಿನ ಹಾಡು, ‘ಹನ-ಉತ’ ಎಂದೇ ಹೆಸರು. ಕೊತೊ, ಶಮಿಸೆನ್‌ಗಳ ಸಂಗೀತದಲ್ಲಿ ಕೇಳಿಬರುವ ಮಿಯಕೊಬುಶಿ ಶ್ರೇಣಿಯ ಕಾರ್ಡೂ ಇದೆ. ಅದರ ಸ್ವರಗಳು ಹಿಂದುಸ್ತಾನಿ ಗುಣಕ್ರಿಯವು, ಕೋಮಲ ರಿಷಭ, ಕೋಮಲ ಧೈವತಗಳೊಡನೆ ಶುದ್ಧ ಮಧ್ಯಮ. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ ಎಂಬುದು ಸಂಗೀತ ಬಲ್ಲವರಿಗೆ ಗೊತ್ತಿರುವ ವಿಷಯ. ಆದರೂ ಕೀಬೋರ್ಡಿನ ಮೇಲೆ ಬೆರಳಿಟ್ಟು ಪದವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಅಭಿಪ್ರಾಯ ಹೇಳುವ ಪದಗಳಲ್ಲಿ ಪೆಟ್ಟಿಗೆ ಅರ್ಧ ದಾರಿಗೆ ನಿಂತಿದೆ. ಮನಸ್ಸಿಗೆ ನಾಟಿತು ಎನ್ನಲು ‘ಕೊಕೊರೊ ನಿ ಹಿಬಿಕು’, ಹಳೆಯ ದಿನಗಳನ್ನು ನೆನಪಿಗೆ ತಂದಿತು ಎನ್ನಲು ‘ನತ್ಸುಕಶೀ’, ಸಭೆ ಕಳೆಗಟ್ಟಿತು ಎನ್ನಲು ‘ಮೊರಿಅಗರು’ ಇವೆಲ್ಲ ಇವೆ. ಹಿಡಿಸಲಿಲ್ಲ ಎನ್ನಲು ಮಾತ್ರ ‘ಕಿರೈ’ ಒಂದನ್ನೇ ಕೊಟ್ಟಿದ್ದಾರೆ. ಅದು ನೇರವಾಗಿ ಮುಖಕ್ಕೆ ಹೊಡೆದಂತಿರುವ ಮಾತು. ಇಂಥ ಸಂಗೀತ ತನಗೆ ಅಷ್ಟಾಗಿ ಒಗ್ಗದು ಎಂದು ಮೃದುವಾಗಿ ಹೇಳಲು ಜಪಾನಿನವರು ‘ಚೊತ್ತೊ ನಿಗತೆ’ ಎನ್ನುತ್ತಾರೆ. ಬೇಡ ಎನ್ನುವುದಕ್ಕೆ ಮುಂಚೆ ನಾಲ್ಕು ಸಲ ಯೋಚಿಸುವ ನಮ್ಮ ಊರಿನವರಿಗೂ ಅದೇ ಹೊಂದುವ ಮಾತು. ಹೊಗಳಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಸರಿಯಾಗಿಯೇ ಕೊಟ್ಟಿದ್ದಾರೆ: ಬೇರೆಯವರು ಚೆನ್ನಾಗಿ ಹಾಡುತ್ತಾರೆ ಎನ್ನಲು ‘ಜೋಜ಼ು’ ಸಲ್ಲುತ್ತದೆ, ತನ್ನ ಬಗ್ಗೆ ತಾನೇ ಹಾಗೆ ಹೇಳಿಕೊಂಡರೆ ಜಂಬವಾಗುತ್ತದೆ, ಅಲ್ಲಿ ‘ತೊಕುಯಿ’ ಎನ್ನಬೇಕು. ಕರಓಕೆಯಲ್ಲಿ ಒಬ್ಬರು ಯಾವಾಗಲೂ ಆರಿಸಿಕೊಳ್ಳುವ ಅವರ ಖಾಸಾ ಹಾಡಿಗೆ ‘ಒಹಕೊ’ ಎನ್ನುತ್ತಾರೆ, ಶ್ರುತಿ ಇಳಿಸಿ ಎನ್ನಲು ‘ಕೀ ಓ ಸಗೆರು’ ಬೇಕು. ಇವೆರಡು ಕಾರ್ಡುಗಳು ಹಾಡುವವರಿಗೆ ಮೊದಲ ವಾರದಲ್ಲೇ ಬೇಕಾಗುವಂಥವು, ಪೆಟ್ಟಿಗೆಯಲ್ಲಿ ತೀರಾ ಹಿಂದೆ ಬಿದ್ದಿವೆ.

ವ್ಯರ್ಥವಾದ ಜಾಗವೂ ಇದೆ. ಗಿತಾ, ಪಿಯನೊ, ದೊರಮು, ರಿಜ಼ುಮು, ಮೆರೊದೀ, ತೆಂಪೊ ಮೊದಲಾದ ಪಾಶ್ಚಾತ್ಯ ಮೂಲದ ಕತಕನ (ಪರಭಾಷೆಯ ಪದಗಳಿಗೆ ಬಳಸುವ ಲಿಪಿ) ಪದಗಳಿಗೆ ಒಂದೊಂದು ಇಡೀ ಕಾರ್ಡ್ ಕೊಟ್ಟಿದ್ದಾರೆ. ಇವನ್ನು ಕಲಿಯಬೇಕಾಗಿಲ್ಲ, ಕೇಳಿ ಗುರುತಿಸಿದರೆ ಸಾಕು; ಎಲ್ಲವನ್ನೂ ಎರಡು ಹಾಳೆಯ ಪಟ್ಟಿಯಲ್ಲಿ ಮುಗಿಸಬಹುದಿತ್ತು. ಆ ಜಾಗವನ್ನು ಎಣಿಕೆಯ ಪ್ರತ್ಯಯಗಳಿಗೆ (ವಸ್ತುವಿನ ಬಗೆಗೆ ತಕ್ಕಂತೆ ಸಂಖ್ಯೆಗೆ ಸೇರುವ ಪದಗಳಿಗೆ) ಕೊಟ್ಟಿದ್ದರೆ ಎಷ್ಟೋ ಉಪಯೋಗವಾಗುತ್ತಿತ್ತು. ಹಾಡುಗಳನ್ನು ಇಕ್ಕ್ಯೊಕು, ನಿಕ್ಯೊಕು ಎಂದು ಎಣಿಸುವುದನ್ನು ಹೇಳಿ ಸುಮ್ಮನಾಗಿದ್ದಾರೆ. ಗಿಟಾರಿಗೆ ‘ಹೊನ್’, ಪಿಯಾನೊಗೆ ‘ದೈ’, ಕೊತೊಗೆ ‘ಮೆನ್’, ಶಮಿಸೆನ್‌ಗೆ ‘ಸಓ’ ಎಂಬುದು ಎಲ್ಲಿಯೂ ಇಲ್ಲ.

ಕಾಗದದ ಗುಣಮಟ್ಟ ಬಯಲುಸೀಮೆಗೆ ಸಾಕು, ಕೊಡಗಿಗೆ ಸಾಲದು. ಜುಲೈ ತಿಂಗಳಲ್ಲಿ ಕಾರ್ಡುಗಳ ಅಂಚು ಮೇಲೆದ್ದು ದೋಣಿಯಂತೆ ಬಾಗಿದವು, ಒಂದೆರಡರ ಮೇಲೆ ಬೂಷ್ಟೂ ಬಂತು, ಖಾನೆಗಳ ನಡುವಿನ ರಟ್ಟು ಮೆತ್ತಗಾಗಿ ನಿಲ್ಲದೆ ಹೋಯಿತು. ಹಾಡಿನ ನಡುವಣ ವಾದನಕ್ಕೆ ಹೆಸರಾದ ‘ಕನ್ಸೋ’ವನ್ನೇ ಬೇರೆ ಕಾಂಜಿಯಲ್ಲಿ ಬರೆದರೆ ಒಣಗುವಿಕೆ ಎಂದಾಗುತ್ತದೆ, ಪೆಟ್ಟಿಗೆಯಲ್ಲಿ ಮೊದಲನೆಯದು ಇದೆ, ಬೇಕಾದದ್ದು ಎರಡನೆಯದು. ಮಳೆ ಜೋರಾದಾಗ ನೆಟ್‌ವರ್ಕ್ ಹೋಗುವುದು ಇಲ್ಲಿ ಹೊಸತಲ್ಲ, ಹೋದರೆ ಕ್ಯೂಆರ್ ಕೋಡಿನ ಧ್ವನಿಯೂ ಹೋಯಿತು. ಎಲ್ಲ ಧ್ವನಿಗಳನ್ನೂ ಒಂದೇ ಸಲ ಇಳಿಸಿಕೊಳ್ಳುವ ಸೌಲಭ್ಯ ಕೊಡಿ ಎಂದು ತಯಾರಕರಿಗೆ ಬರೆದೆ. ವಿನಯದ ಉತ್ತರ ಬಂತು, ಸೌಲಭ್ಯ ಇನ್ನೂ ಬಂದಿಲ್ಲ. ಆಂಕಿ ಎಂಬ ತಂತ್ರಾಂಶ ಕಂಪ್ಯೂಟರಿನಲ್ಲಿಯೂ ಆ್ಯಂಡ್ರಾಯ್ಡ್ ಫೋನಿನಲ್ಲಿಯೂ ಉಚಿತವಾಗಿ ಸಿಗುತ್ತದೆ, ಐಫೋನಿನಲ್ಲಿ ಮಾತ್ರ ಹಣ ಕೊಡಬೇಕು. ಧ್ವನಿಯನ್ನು ಕಾರ್ಡಿನೊಳಗೇ ಸೇರಿಸಿದರೆ ನೆಟ್‌ವರ್ಕ್ ಇಲ್ಲದೆಯೂ ಕೇಳಬಹುದು, ಯಾವ ಕಾರ್ಡನ್ನು ಯಾವಾಗ ತೋರಿಸಬೇಕೆಂಬ ಲೆಕ್ಕವನ್ನೂ ಅದೇ ಇಡುತ್ತದೆ. ಒಬ್ಬರೇ ಕಲಿಯುವವರಿಗೆ ಅದು ಮೇಲು. ಆದರೆ ಐದಾರು ಜನ ಸುತ್ತ ಕುಳಿತು ಕಾರ್ಡ್ ಎತ್ತಿ ತೋರಿಸುವ, ವಾದ್ಯದ ಪಕ್ಕದಲ್ಲಿಟ್ಟು ನುಡಿಸಿ ತೋರಿಸುವ ತರಗತಿಗೆ ಕಾಗದದ ಕಾರ್ಡೇ ಸರಿ.

ಹಿರಗನ, ಕತಕನಗಳ ತಲಾ 46 ಮೂಲ ಅಕ್ಷರಗಳನ್ನು ಕಲಿತು ಮುಗಿಸಿ, ಒಂದು ವಾದ್ಯವನ್ನೋ ಹಾಡುಗಾರಿಕೆಯನ್ನೋ ಸ್ವಲ್ಪವಾದರೂ ಬಲ್ಲವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಎರಡರಲ್ಲಿ ಒಂದೂ ಇಲ್ಲದವರಿಗೆ ಇದು ಕಪಾಟಿನಲ್ಲಿ ಉಳಿಯುವ ವಸ್ತು. ನಮ್ಮ ಜಿಲ್ಲೆಯವರು ಮಳೆಗಾಲ ಕಳೆದು ಕಾವೇರಿ ಸಂಕ್ರಮಣದ ಹೊತ್ತಿಗೆ ತರಿಸಿಕೊಳ್ಳುವುದು ಉತ್ತಮ. ಬಂದ ಕೂಡಲೇ ಕಾರ್ಡುಗಳನ್ನು ರಟ್ಟಿನ ಪೆಟ್ಟಿಗೆಯಿಂದ ತೆಗೆದು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕ್ರಿಯಾಪದಗಳ ಗುಂಪಿನಿಂದ ಶುರುಮಾಡಿ, ಕತಕನ ಪದಗಳನ್ನು ಪಕ್ಕಕ್ಕೆ ಎತ್ತಿಡಿ. ಅವುಗಳ ಹಿಂಬದಿಯ ಖಾಲಿ ಜಾಗದಲ್ಲಿ ಹೊನ್, ದೈ, ಮೆನ್, ಸಓಗಳನ್ನು ನೀವೇ ಬರೆದುಕೊಳ್ಳಬಹುದು.